ಶಹರದ ಬೆಳವಣಿಗೆ ನಮ್ಮ ಹದ್ದಿಗೆ ಬಂದಾಗ

2024ರ ನವೆಂಬರ್ 1. ವಿಜಯಪುರದ ಕ್ರೀಡಾಂಗಣದಲ್ಲಿ ರಾಜ್ಯೋತ್ಸವ. ಬಿಜಾಪುರ ಹೋಗಿ ವಿಜಯಪುರ ಅಂತ ಸರ್ಕಾರಿ ಕಾಗದದ ಮೇಲೆ ಹೆಸರು ಬಂದು ಅವತ್ತಿಗೆ ಸರಿಯಾಗಿ ಹತ್ತು ವರ್ಷ. ಶಾಲೆ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ನಾವು ಶಾಮಿಯಾನದ ನೆರಳಲ್ಲಿ, ಪತ್ರಕರ್ತರಿಗೆ ಹಾಕಿದ ಕುರ್ಚಿಯಲ್ಲಿ ಕೂತಿದ್ದೆವು. ಭಾಷಣ ಇನ್ನೂ ಶುರುವಾಗಿರಲಿಲ್ಲ. ಅದರ ಪ್ರತಿ ಮಾತ್ರ ಆಗಲೇ ನಮ್ಮ ಕೈಗೆ ಬಂದಿತ್ತು.

ಹಿಂಗ ಕೂತು ಬರೆಯಲಿಕ್ಕೆ ಹತ್ತಿ ನಮಗೆ ಒಂಬತ್ತು ವರ್ಷ. ಆಗಸ್ಟ್ 15, ನವೆಂಬರ್ 1, ಜನವರಿ 26, ಮೂರು ಸಲ ಮೂರು ಭಾಷಣ. ಮೂರರಲ್ಲೂ ಅವೇ ಮೂರು ಮಾತು: ಇಷ್ಟು ಮಂದಿಗೆ ಉದ್ಯೋಗ, ಇಷ್ಟು ಕಡೆ ಸುರಕ್ಷತೆ, ಇಷ್ಟು ಕೋಟಿಯ ಸೌಲಭ್ಯ. ನಾವು ಜಿಲ್ಲಾ ಸ್ಟ್ರಿಂಗರ್. ತಿಂಗಳ ಪಗಾರ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಅಂತ ರೊಕ್ಕ. ಮಧ್ಯಾಹ್ನ ಒಂದರೊಳಗೆ ಸುದ್ದಿ ಹೋಗಬೇಕು. ಹಾಗಾಗಿ ಕೈಗೆ ಬಂದ ಪ್ರತಿಯನ್ನೇ ಸ್ವಲ್ಪ ಸಣ್ಣದು ಮಾಡಿ, ಮೇಲೊಂದು ತಲೆಬರಹ ಹಾಕಿ ಕಳಿಸುತ್ತಿದ್ದೆವು.

ಡಿಪ್ಲೊಮಾ ಓದುವಾಗ ಸರ್ ಒಬ್ಬರು ಹೇಳಿದ್ದರು, ವರದಿಯಲ್ಲಿ 'ನಾನು' ಬರಬಾರದು ಅಂತ. ಆ ರೂಢಿ ಇನ್ನೂ ಬಿಟ್ಟಿಲ್ಲ. ಇಲ್ಲಿಯೂ 'ನಾವು' ಅಂತಲೇ ಬರೆಯುತ್ತೇವೆ. ಆದರೆ ಇದು ವರದಿಯಲ್ಲ. ನಮ್ಮ ಮನೆಯ ಮಾತು, ನಮ್ಮದೇ ಒಂದು ತಪ್ಪಿನ ಮಾತು.

ಅದೇ ವಾರ ಒಂದು ಕಚೇರಿಯಿಂದ ಪ್ರಕಟಣೆ ಬಂತು. ಶಹರದ ಅಂಚಿನ ಹೊಸ ಬಡಾವಣೆಗಳಿಗೆ ಬೀದಿ ದೀಪ ಅಳವಡಿಸಲಾಗಿದೆ ಅಂತ ಅದರಲ್ಲಿ ಒಂದು ಸಾಲು. ನಾವು ಆ ಸಾಲನ್ನೂ ಸೇರಿಸಿ ಬರೆದೆವು. ಅದರಲ್ಲಿದ್ದ ಒಂದು ಬಡಾವಣೆ ನಮ್ಮ ಮನೆಯ ದಾರಿಯದೇ. ದಿನಾ ಹಗಲು ಅದೇ ದಾರಿಯಲ್ಲಿ ಗಾಡಿ ಹೊಡೆಯುತ್ತೇವೆ. ಹಗಲಿನಲ್ಲಿ ಕಂಬ ಕಾಣುತ್ತವೆ, ಬಲ್ಬೂ ಕಾಣುತ್ತದೆ. ರಾತ್ರಿ ಹತ್ತುತ್ತವೋ ಇಲ್ಲವೋ ಅಂತ ಒಂದು ಸಲವೂ ನಿಂತು ನೋಡಲಿಲ್ಲ.

ನಮ್ಮ ತಂಗಿ ಬಿ.ಕಾಂ. ಓದಿದವಳು. ಶಹರದ ಬಜಾರದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವ ಕೆಲಸ. ಆ ವರ್ಷ ಡಿಸೆಂಬರ್ 30ಕ್ಕೆ ಎಳ್ಳಮಾವಾಸ್ಯೆ. ಹಬ್ಬಕ್ಕೆ ಎರಡು ದಿನ ಇತ್ತು. ಅಂಗಡಿಯಲ್ಲಿ ಗದ್ದಲ, ಬಿಟ್ಟಾಗ ಒಂಬತ್ತು ಹೊಡೆದಿತ್ತು. ಬಸ್ಸು ಹೋಗಿತ್ತು. ಟಂಟಂ ಹಿಡಿದು ಅಥಣಿ ರಸ್ತೆಯ ಮೇಲೆ ಇಳಿದಳು. ಅಲ್ಲಿಂದ ಮನೆಗೆ ಆ ಬಡಾವಣೆಯ ನಡುವೆ ಹತ್ತು ನಿಮಿಷದ ದಾರಿ.

ಅಮಾವಾಸ್ಯೆಯ ಹಿಂದು ಮುಂದಿನ ರಾತ್ರಿ ಹ್ಯಾಂಗಿರುತ್ತದೆ ಅಂತ ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಕಂಬಗಳೆಲ್ಲ ಕತ್ತಲು. ಹಿಂದೆ ಒಂದು ಬೈಕು ಬಂತು. ಮುಂದೆ ಹೋಗಲಿಲ್ಲ, ಲೈಟ್ ಆರಿಸಿಕೊಂಡು ಆಕೆಯ ಹಿಂದೆಯೇ ಸಾವಕಾಶ ಬರಲಿಕ್ಕೆ ಹತ್ತಿತು. ಆಕೆ ಓಡಿದಳು. ಬದಿಯ ಗಟಾರಿಗೆ ಮುಚ್ಚಿಗೆ ಇರಲಿಲ್ಲ. ಕಾಲು ಒಳಗೆ ಹೋಗಿ ಹರಡಿನ ಎಲುಬು ಮುರಿಯಿತು. ಚೀರಿದ ದನಿ ಕೇಳಿ ಹತ್ತಿರದ ಮನೆಯ ಇಬ್ಬರು ಹೆಣ್ಣುಮಕ್ಕಳು ಬ್ಯಾಟರಿ ಹಿಡಿದು ಹೊರಗೆ ಬಂದರು. ಬೈಕು ತಿರುಗಿ ಹೋಯಿತು.

ರಾತ್ರಿ ಆಸ್ಪತ್ರೆ ಮುಗಿಸಿ ಬೆಳಿಗ್ಗೆ ಒಂದು ಠಾಣೆಗೆ ಹೋದೆವು. "ಆ ಜಾಗ ನಮ್ಮ ಹದ್ದಿಗೆ ಬರೂದಿಲ್ರಿ" ಅಂದರು. ಇನ್ನೊಂದಕ್ಕೆ ಹೋದೆವು. "ಅದು ಅವರದ ಹದ್ದಿ. ಮ್ಯಾಲ ಬೈಕಿನ ನಂಬರೂ ಇಲ್ಲ ಅಂತೀರಿ, ಏನಂತ ಬರ್ಕೊಳ್ಳೂಣ?" ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದರು. "ಬ್ಯಾಡ ಬಿಡು. ಹೆಣ್ಣಮಗಳ ಹೆಸರು ಕಾಗದದ ಮ್ಯಾಲ ಯಾಕ?" ಅಂದರು. ಪತ್ರಕರ್ತ ಅಂತ ಕಾರ್ಡು ಕಿಸೆಯಲ್ಲಿ ಇಟ್ಟುಕೊಂಡ ನಾವೂ ಸುಮ್ಮನೆ ಗಾಡಿ ಹತ್ತಿದೆವು.

ಎಳ್ಳಮಾವಾಸ್ಯೆಗೆ ಆ ವರ್ಷ ನಾವು ಯಾರೂ ಹೊಲಕ್ಕೆ ಚರಗ ಚೆಲ್ಲಲಿಕ್ಕೆ ಹೋಗಲಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಸಿನ ಮೇಲೆ ಮಲಗಿದ್ದ ತಂಗಿ ಸಂಜೆ ಕೇಳಿದಳು: "ಅಣ್ಣಾ, ಅಲ್ಲಿ ದೀಪ ಹಾಕ್ಯಾರ ಅಂತ ಪೇಪರಿನ್ಯಾಗ ಬರದಿದ್ದಿ ಅಲ್ಲ. ನೀ ನೋಡಿದ್ದೇನು?"

ನೋಡಿರಲಿಲ್ಲ. ಅಷ್ಟೇ ಹೇಳಿದೆವು. ಆಕೆ ಮತ್ತೇನೂ ಅನ್ನಲಿಲ್ಲ. ಮೂರನೆಯ ದಿನ ಅಂಗಡಿಯವರು ಆ ಕೆಲಸಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಂಡರು.

ಆ ವಾರ ನೂರು ಹಾಳೆಯ ನೋಟ್‌ಬುಕ್ ತಂದೆವು. ಗೆರೆ ಎಳೆದು ಮೂರು ಕಾಲಂ ಮಾಡಿದೆವು: ಉದ್ಯೋಗ, ಸುರಕ್ಷತೆ, ಸೌಲಭ್ಯ. ಭಾಷಣದಲ್ಲಿ ಇರುವ ಅವೇ ಮೂರು. ಒಂದೇ ಕಟ್ಟಳೆ: ಪ್ರಕಟಣೆಯಲ್ಲಿ ಬಂದದ್ದು ಅದರಲ್ಲಿ ಬರಕೂಡದು. ಕಣ್ಣಾರೆ ಕಂಡದ್ದು, ಬಳಸಿದವರು ಬಾಯಾರೆ ಹೇಳಿದ್ದು ಮಾತ್ರ. ಮುಂದಿನ ನವೆಂಬರ್‌ವರೆಗೆ ಬರೆಯೋಣ ಅಂದುಕೊಂಡೆವು.

*

ಮೊದಲು ನಮ್ಮೂರಿನ ಮಾತು ಹೇಳಬೇಕು. ತೊರವಿ ಗೊತ್ತಿಲ್ಲದವರಿಗೂ ತೊರವೆ ರಾಮಾಯಣ ಗೊತ್ತು. ಕುಮಾರ ವಾಲ್ಮೀಕಿ ಅದನ್ನು ಇಲ್ಲಿಯ ನರಸಿಂಹನ ಹೆಸರಿನಲ್ಲಿ ಬರೆದ. ಆದರೆ ಈ ಊರು ಒಮ್ಮೆ ತಾನೇ ಶಹರ ಆಗಲಿಕ್ಕೆ ಹೊರಟಿತ್ತು ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಇಲ್ಲಿ ನವರಸಪುರ ಅನ್ನುವ ಹೊಸ ನಗರ ಕಟ್ಟಲು ಶುರು ಮಾಡಿದ. ಸಂಗೀತದ ಹುಚ್ಚಿದ್ದ ಅರಸ. ಅರಮನೆ ಎದ್ದವು, ಸಂಗೀತ ಮಹಲ್ ಎದ್ದಿತು. ನಗರ ಪೂರ್ತಿ ಆಗುವ ಮೊದಲೇ 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳು ಮಾಡಿತು. ಈಗ ಸಂಗೀತ ಮಹಲ್ಲಿನ ಕಮಾನು ಮೊಂಡಾಗಿ ನಿಂತಿವೆ. ಸುತ್ತ ಆಡು ಮೇಯುತ್ತವೆ.

ನೀರಿನ ಮಾತೂ ಹಾಗೇ. ಆದಿಲ್ ಶಾಹಿ ಕಾಲದಲ್ಲಿ ಶಹರಕ್ಕೆ ನೀರು ಹೋಗುತ್ತಿದ್ದದ್ದು ತೊರವಿ ಕಡೆಯಿಂದ. ನೆಲದೊಳಗೆ ಸುರಂಗ ಕೊರೆದು, ಹೂಳು ತೆಗೆಯಲು ಮತ್ತು ಗಾಳಿ ಆಡಲು ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು, ಪಂಪಿಲ್ಲದೆ ಬರೀ ಇಳಿಜಾರಿನ ಮೇಲೆ ನೀರು ಒಯ್ದಿದ್ದರು. ಸುರಂಗ ಬಾವಡಿ ಅಂತ ಇವತ್ತಿಗೂ ಹೆಸರಿದೆ. ಈಗ ಶಹರಕ್ಕೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ಬರುತ್ತದೆ. ಬಾವಡಿ ನೋಡಲು ಪರದೇಶದವರು ಬರುತ್ತಾರೆ.

ನಮ್ಮ ಪಕ್ಕದ ಮನೆಯ ಕಾಕಾ ಇದನ್ನೆಲ್ಲ ಹೇಳಿ ಕಡೆಗೆ ಒಂದು ಮಾತು ಸೇರಿಸುತ್ತಾರೆ: "ಶಹರ ನಮ್ಮ ಕಡೆ ಬರೂದು ಇದು ಎರಡನೇ ಸಲ ತಮ್ಮಾ. ಈ ಸಲರೆ ಪೂರ್ತಿ ಬರತದೇನು ನೋಡೂಣು."

*

ಎರಡನೆಯ ಸಲದ ಬರುವಿಕೆಯಲ್ಲಿ ದೊಡ್ಡದು ಮಹಿಳಾ ವಿಶ್ವವಿದ್ಯಾಲಯ. 2003ರಲ್ಲಿ ಶುರುವಾಯಿತು. 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂತು. ಅದರ ಜ್ಞಾನಶಕ್ತಿ ಆವರಣ ಇರುವುದು ನಮ್ಮ ತೊರವಿಯಲ್ಲೇ. ರಾಜ್ಯದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇರುವ ವಿಶ್ವವಿದ್ಯಾಲಯ ನಮ್ಮೂರ ಹೊಲದ ಬದಿಗೆ ಬಂತು ಅನ್ನುವುದು ಸಣ್ಣ ಮಾತಲ್ಲ. ಝೆರಾಕ್ಸ್ ಅಂಗಡಿ, ಖಾನಾವಳಿ, ಬಾಡಿಗೆ ಕೋಣೆ, ಚಹಾದ ಡಬ್ಬಿ ಅಂಗಡಿ, ಎಲ್ಲ ಅದರ ಬೆನ್ನಿಗೆ ಹುಟ್ಟಿದವು. ಉದ್ಯೋಗದ ಕಾಲಂನಲ್ಲಿ ಮೊದಲು ಬರೆದದ್ದು ಇದನ್ನೇ.

ಎರಡನೆಯದು ಒಣದ್ರಾಕ್ಷಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ, ಬಬಲೇಶ್ವರದ ಕಡೆ ಹೋದರೆ ಹೊಲಗಳಲ್ಲಿ ಹಸಿರು ನೆರಳು ಬಟ್ಟೆಯ ಉದ್ದುದ್ದ ಶೆಡ್ಡು ಕಾಣುತ್ತವೆ. ಕೊಯ್ದ ಗೊನೆಯನ್ನು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಶಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಸುಮಾರು ಎರಡು ವಾರಕ್ಕೆ ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಆಮೇಲೆ ತೊಟ್ಟು ಬಿಡಿಸಿ, ಬಣ್ಣ ನೋಡಿ, ಗಾತ್ರ ನೋಡಿ ಆರಿಸಬೇಕು. ಆರಿಸುವವರೆಲ್ಲ ಹೆಣ್ಣುಮಕ್ಕಳು. ಮಾಲು ವಿಜಯಪುರದ ಮಾರುಕಟ್ಟೆಗೆ, ಗಡಿಯಾಚೆ ತಾಸಗಾಂವ, ಸಾಂಗ್ಲಿಗೆ ಹೋಗುತ್ತದೆ.

2025ರ ಮಾರ್ಚಿನಲ್ಲಿ ಅಂಥ ಒಂದು ಶೆಡ್ಡಿನಲ್ಲಿ ಕೂತು ಮಾತಾಡಿದೆವು. ಒಬ್ಬ ಅಕ್ಕ ಬೆರಳಿಗೆ ಹತ್ತಿದ ಜಿಗುಟು ಒರೆಸಿಕೊಳ್ಳುತ್ತ ಅಂದರು: "ಮೂರು ತಿಂಗಳು ಭಾಳ ಕೆಲಸ ಇರತದ್ರಿ. ಆಮ್ಯಾಲ ಮಣೂಕ ಶಹರಕ್ಕ ಹೋಗತದ, ನಾವು ಗೋವಾಕ್ಕ ಹೋಗತೀವಿ." ಸುತ್ತ ಕೂತವರು ನಕ್ಕರು. ನಾವೂ ನಕ್ಕೆವು. ನೋಟ್‌ಬುಕ್ಕಿನಲ್ಲಿ ಬರೆಯುವಾಗ ನಗು ಬರಲಿಲ್ಲ. ಮೂರು ತಿಂಗಳ ಕೂಲಿಯನ್ನು ಯಾವ ಕಾಲಂನಲ್ಲಿ ಬರೆಯಬೇಕು? ಉದ್ಯೋಗದಲ್ಲೋ, ಗುಳೆಯಲ್ಲೋ?

ಹಾಗೆ ಗುಳೆ ಬಂದವರು ನಮ್ಮ ಶಹರದಲ್ಲೂ ಇದ್ದಾರೆ. 2023ರ ಡಿಸೆಂಬರ್ 4ರ ರಾತ್ರಿ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಏಳು ಮಂದಿ ಕಾರ್ಮಿಕರು ಸತ್ತರು. ಏಳೂ ಮಂದಿ ಬಿಹಾರದವರು. ಆ ರಾತ್ರಿ ನಾವೂ ಅಲ್ಲಿದ್ದೆವು. ಮರುದಿನದವರೆಗೆ ಚೀಲ ಸರಿಸಿ ಸರಿಸಿ ಹೆಣ ಹೊರಗೆ ತೆಗೆದರು. ಸತ್ತವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಹಿಂದಿಯಲ್ಲಿ ಯಾರಿಗೋ ಫೋನಿನಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ನಮ್ಮ ಮಂದಿ ಗೋವಾದ ಯಾವುದೋ ಕಟ್ಟಡದ ಕೆಳಗೆ ಹೀಗೆ ಕೂತಿರುತ್ತಾರಲ್ಲ ಅಂತ ಅವತ್ತು ಅನ್ನಿಸಿತು.

ಉದ್ಯೋಗ ಮತ್ತು ಸುರಕ್ಷತೆಯನ್ನು ಭಾಷಣದಲ್ಲಿ ಎರಡು ಬೇರೆ ಪುಟದಲ್ಲಿ ಹಾಕಿರುತ್ತಾರೆ. ನಮ್ಮ ನೋಟ್‌ಬುಕ್ಕಿನಲ್ಲಿ ಮೂರನೆಯ ತಿಂಗಳಿಗೇ ಆ ಎರಡರ ನಡುವಿನ ಗೆರೆ ಅಳಿಸಿತು. ತಂಗಿಗೆ ಕೆಲಸ ಇತ್ತು, ಮನೆಗೆ ಬರುವ ದಾರಿ ಇರಲಿಲ್ಲ. ಬಿಹಾರದ ಹುಡುಗರಿಗೆ ಕೆಲಸ ಇತ್ತು, ರಾಶಿಯ ಕೆಳಗಿನಿಂದ ಹೊರಗೆ ಬರುವ ದಾರಿ ಇರಲಿಲ್ಲ. ಸಂಜೆ ಮನೆ ಮುಟ್ಟದಿದ್ದರೆ ಅದನ್ನು ಉದ್ಯೋಗ ಅಂತ ಎಣಿಸುವುದು ಹ್ಯಾಂಗ?

*

ಸುರಕ್ಷತೆಯ ಕಾಲಂ ಮೇ ತಿಂಗಳಲ್ಲಿ ತುಂಬಿತು. ಮನಗೂಳಿಯ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 59 ಕಿಲೋ ಬಂಗಾರ ಕಳುವಾಯಿತು. ಸೆಪ್ಟೆಂಬರ್ 16ರಂದು ಚಡಚಣದ ಬ್ಯಾಂಕಿಗೆ ಮುಸುಕು ಹಾಕಿಕೊಂಡು ಬಂದವರು ನುಗ್ಗಿದರು. ದೊಡ್ಡ ಪೇಪರುಗಳು ಕಿಲೋ, ಕೋಟಿ ಲೆಕ್ಕ ಬರೆದವು. ಆ ಬಂಗಾರ ಯಾರದು ಅಂತ ಹಳ್ಳಿಯವರಿಗೆ ಗೊತ್ತು. ಬಿತ್ತನೆಗೆ ಅಂತ ಅಡವಿಟ್ಟ ಬೋರಮಾಳ, ಮಗಳ ಕಾಲೇಜಿಗೆ ಅಂತ ಇಟ್ಟ ಪಾಟಲಿ. ಮನಗೂಳಿಯಲ್ಲಿ ಬ್ಯಾಂಕಿನ ಮುಂದೆ ನಿಂತಿದ್ದ ಒಬ್ಬ ಅಜ್ಜಿ ರಸೀತಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದರು. ಅದನ್ನು ಬಿಚ್ಚಿ ನಮಗೆ ತೋರಿಸಿ ಮತ್ತೆ ಕಟ್ಟಿಕೊಂಡರು. ಪೊಲೀಸರು ಆಮೇಲೆ ಕಳ್ಳರನ್ನು ಹಿಡಿದರು, ಅದನ್ನೂ ಬರೆದಿದ್ದೇವೆ. ಕ್ಯಾಮೆರಾ ಎಷ್ಟು ಹಾಕಿದರು ಅನ್ನುವ ಲೆಕ್ಕಕ್ಕಿಂತ ಆ ಗಂಟು ನಮಗೆ ನೆನಪಿನಲ್ಲಿ ಉಳಿದಿದೆ.

ನಮ್ಮ ಮನೆಯ ಸುರಕ್ಷತೆಯ ಬಗ್ಗೆಯೂ ಒಂದು ಪಾಠ ಕಲಿತೆವು, ತಡವಾಗಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಪೊಲೀಸರು ತಾವಾಗಿಯೇ ತನಿಖೆ ಮಾಡಬೇಕಾದಂಥ ಅಪರಾಧದ ದೂರನ್ನು, ಅದು ಯಾವ ಹದ್ದಿನಲ್ಲಿ ನಡೆದಿದ್ದರೂ, ಯಾವ ಠಾಣೆಯಲ್ಲಾದರೂ ಕೊಡಬಹುದು ಅಂತ ಅದರ 173ನೇ ಕಲಮು ಹೇಳುತ್ತದೆ. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಬರೆದುಕೊಂಡ ಠಾಣೆಯವರೇ ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಈ ಕಾನೂನು ಬಂದಾಗ ನಾವೇ ಅದರ ಸುದ್ದಿ ಬರೆದಿದ್ದೆವು. ಆರು ತಿಂಗಳ ಮೇಲೆ, ಬೇಕಾದ ದಿನ, ನೆನಪಿಗೆ ಬರಲಿಲ್ಲ. ನೀವು ನೆನಪಿಡಿ. "ನಮ್ಮ ಹದ್ದಿ ಅಲ್ಲ" ಅಂದರೆ ಈ ಕಲಮಿನ ನಂಬರು ಹೇಳಿರಿ. ದಾರಿಯಲ್ಲಿ ಅಂಜಿಕೆ ಆದರೆ 112ಕ್ಕೆ ಫೋನು ಮಾಡಿರಿ, ಅದಕ್ಕೆ ರೊಕ್ಕ ಬೇಕಿಲ್ಲ. ಮನೆಯ ಹೆಣ್ಣುಮಕ್ಕಳ ಫೋನಿನಲ್ಲಿ ಆ ನಂಬರು ಇದೆಯೇ ಅಂತ ಇವತ್ತೇ ನೋಡಿರಿ.

*

ಸೌಲಭ್ಯದ ಕಾಲಂ ಎಲ್ಲಕ್ಕಿಂತ ಉದ್ದ. ಒಳ್ಳೆಯದು ಮೊದಲು ಹೇಳುತ್ತೇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದು ಬಂದ ಮೇಲೆ ನಮ್ಮ ಓಣಿಯಿಂದ ಶಹರಕ್ಕೆ ಕೆಲಸಕ್ಕೆ, ಕಾಲೇಜಿಗೆ ಹೋಗುವ ಹುಡುಗಿಯರು ಕಣ್ಣಿಗೆ ಕಾಣುವಷ್ಟು ಹೆಚ್ಚಾದರು. ಅವ್ವ ಮೊದಲ ಸಲ ಯಾರ ಕಡೆಯೂ ರೊಕ್ಕ ಕೇಳದೆ ತನ್ನ ತವರಿಗೆ ಹೋಗಿ ಬಂದಳು. ಇದನ್ನು ಕಣ್ಣಾರೆ ಕಂಡು ಬರೆದಿದ್ದೇವೆ. ಆದರೆ ಟಿಕೀಟು ಪುಕ್ಕಟೆ ಆದಷ್ಟು ಸುಲಭಕ್ಕೆ ರಾತ್ರಿ ಒಂಬತ್ತಕ್ಕೆ ಬಸ್ಸು ಸಿಗುವುದಿಲ್ಲ. ಬಸ್ಸು ತಪ್ಪಿದ ದಿನ ಟಂಟಂನವನಿಗೆ ರೊಕ್ಕ ಕೊಡಲೇಬೇಕು.

ಇನ್ನೊಂದು ತುದಿಗೆ ಬುರಣಾಪುರ-ಮದಭಾವಿ ಹತ್ತಿರದ ವಿಮಾನ ನಿಲ್ದಾಣ. 2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ ಆಯಿತು. ನಮ್ಮ ನೋಟ್‌ಬುಕ್ಕಿನ ವರ್ಷ ಮುಗಿದಾಗಲೂ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿರಲಿಲ್ಲ. ಬರಲಿ, ಬೇಡ ಅನ್ನುವವರು ನಾವಲ್ಲ. ದ್ರಾಕ್ಷಿ ಹಾರಿದರೆ ರೈತನಿಗೇ ಲಾಭ. ಆದರೆ ಒಂದೇ ಪ್ರಗತಿಯ ಪಟ್ಟಿಯಲ್ಲಿ ವಿಮಾನಕ್ಕೆ ಒಂದು ಪುಟ ಸಿಗುತ್ತದೆ, ಒಂಬತ್ತರ ಬಸ್ಸಿಗೆ ಒಂದು ಸಾಲೂ ಸಿಗುವುದಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಖಾಸಗಿ ಸಹಭಾಗಿತ್ವ ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಅಂತ ಮಂದಿ ಶಹರದಲ್ಲಿ ಧರಣಿ ಕೂತರು. ತಮಗೆ ಯಾವ ಸೌಲಭ್ಯ ಬೇಕು ಅಂತ ಮಂದಿಯೇ ಬೀದಿಗೆ ಬಂದು ಹೇಳಿದ್ದು ನಮ್ಮ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿದೆ.

ಈಗ ಆ ದೀಪದ ಮಾತು. ಫೆಬ್ರುವರಿಯಲ್ಲಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದೆವು. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದೇ ವಿಷಯ, 150 ಶಬ್ದದೊಳಗೆ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರ ಓದಿ ನಮಗೆ ಮೊದಲ ಸಲ ಕತ್ತಲೆಯ ಕಾರಣ ತಿಳಿಯಿತು. ಕಂಬ ನೆಟ್ಟವರು ಲೇಔಟ್ ಮಾಡಿದವರು. ಲೇಔಟ್ ಇನ್ನೂ ಯಾವ ಸ್ಥಳೀಯ ಸಂಸ್ಥೆಗೂ ಹಸ್ತಾಂತರ ಆಗಿಲ್ಲ. ಹಸ್ತಾಂತರ ಆಗದೆ ಬೀದಿ ದೀಪದ ಬಿಲ್ಲು ಕಟ್ಟಲಿಕ್ಕೆ ಯಾರಿಗೂ ಅಧಿಕಾರ ಇಲ್ಲ. ಬಿಲ್ಲು ಕಟ್ಟುವವರಿಲ್ಲದೆ ಕರೆಂಟಿಲ್ಲ. ಅಂದರೆ "ದೀಪ ಅಳವಡಿಸಲಾಗಿದೆ" ಅನ್ನುವುದು ಸುಳ್ಳಾಗಿರಲಿಲ್ಲ. ಅಳವಡಿಸಿದ್ದರು. ಹತ್ತಿರಲಿಲ್ಲ, ಅಷ್ಟೇ.

ಶಹರದ ಅಂಚಿನ ಹಳ್ಳಿಗಳಲ್ಲಿ ಪ್ಲಾಟು ತೆಗೆದುಕೊಳ್ಳುವವರು ಇದನ್ನು ಗಮನಿಸಿರಿ. ಕರಪತ್ರದಲ್ಲಿ ಗಾರ್ಡನ್, ಗಟಾರು, ದೀಪ ಎಲ್ಲ ಚಿತ್ರ ಬರೆದಿರುತ್ತಾರೆ. ಕೇಳಬೇಕಾದ್ದು ಮೂರು: ಲೇಔಟ್‌ಗೆ ಮಂಜೂರಾತಿ ಇದೆಯೇ? ನಕಾಶೆಯಲ್ಲಿ ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ ನೆಲದ ಮೇಲೂ ಇದೆಯೇ? ಪಂಚಾಯಿತಿಗೋ ಪಾಲಿಕೆಗೋ ಹಸ್ತಾಂತರ ಆಗಿದೆಯೇ? ಪಂಚಾಯಿತಿ ಹದ್ದಿನಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡದೆ ಮುಂಗಡ ಕೊಡಬೇಡಿರಿ.

*

ಶಹರ ಬೆಳೆದಂತೆ ಅದರ ಹದ್ದೂ ಬೆಳೆಯುತ್ತದೆ. 2011ರ ಜನಗಣತಿಯಲ್ಲೇ ವಿಜಯಪುರ ಶಹರದ ಮಂದಿ ಸುಮಾರು 3.27 ಲಕ್ಷ. ಮಹಾನಗರ ಪಾಲಿಕೆ ಆದ ಮೇಲೆ ಮೊದಲ ಚುನಾವಣೆ ನಡೆದದ್ದು 2022ರ ಅಕ್ಟೋಬರಿನಲ್ಲಿ, 35 ವಾರ್ಡುಗಳಿಗೆ. ನಮ್ಮನ್ನೂ ಶಹರಕ್ಕೆ ಸೇರಿಸಿಕೊಳ್ಳಲಿ ಅನ್ನುವವರು ಅಂಚಿನ ಪ್ರತಿ ಹಳ್ಳಿಯಲ್ಲೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಸೇರಿದರೆ ನಳ, ಒಳಚರಂಡಿ, ರಸ್ತೆ ಬರಬಹುದು. ಜೊತೆಗೆ ತೆರಿಗೆಯೂ ಏರುತ್ತದೆ.

ಹೋಗುವುದೂ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಉದ್ಯೋಗ ಖಾತ್ರಿ ಕೆಲಸ ಹಳ್ಳಿಗೆ ಮಾತ್ರ. 2025ರ ಏಪ್ರಿಲ್‌ನಿಂದ ಅದರ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಆಯಿತು, ಅದಕ್ಕೂ ಮೊದಲು 349 ಇತ್ತು. ಊರು ಶಹರಕ್ಕೆ ಸೇರಿದ ದಿನ ಜಾಬ್ ಕಾರ್ಡು ಬರೀ ಕಾಗದ. ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ಶುರುವಾದ ಕೂಸಿನ ಮನೆಯೂ ಹಳ್ಳಿಯ ಲೆಕ್ಕದ್ದೇ. ಮಣೂಕ ಆರಿಸುವ ಆ ಅಕ್ಕನ ವರ್ಷದಲ್ಲಿ ಶೆಡ್ಡಿನ ಮೂರು ತಿಂಗಳು, ಖಾತ್ರಿಯ ಒಂದಷ್ಟು ದಿನ, ಉಳಿದದ್ದು ಗೋವಾ. ನಡುವಿನದು ಹೋದರೆ ಗೋವಾದ ಪಾಲು ಹೆಚ್ಚುತ್ತದೆ. ಹಾಗಾಗಿ ಸೇರುವುದು, ಬಿಡುವುದು ದೊಡ್ಡವರು ಕೂತು ಮುಗಿಸುವ ಮಾತಲ್ಲ. ಗ್ರಾಮಸಭೆಯಲ್ಲಿ ಅಂಥ ಅಕ್ಕಂದಿರ ಎದುರಿಗೇ ಆಗಬೇಕಾದ ಮಾತು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ಕಾನೂನಿದೆ. ಆ ವರ್ಷದ ಸಭೆಗೆ ತಂಗಿ ಕುಂಟುತ್ತಲೇ ಬಂದಳು. ಅಪ್ಪ ಬೇಡ ಅಂದಿದ್ದರು. ಆಕೆ ಎದ್ದು ನಿಂತು ಮಾಹಿತಿ ಹಕ್ಕಿನ ಉತ್ತರವನ್ನು ಓದಿದಳು. ತನ್ನ ಕಾಲಿನ ಕಥೆಯನ್ನೂ ಹೇಳಿದಳು, ತನ್ನ ಹೆಸರು ಹೇಳಿಯೇ ಹೇಳಿದಳು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದರು: "ನನ್ನ ಮಗಳೂ ಅದ ದಾರಿಗೆ ಬರತಾಳ." ಇನ್ನೊಬ್ಬರು ಎದ್ದರು. ಅಂಜಿಕೆ ನಮ್ಮ ಮನೆಯದು ಅಷ್ಟೇ ಅಂದುಕೊಂಡಿದ್ದೆವು. ಓಣಿಯ ಅರ್ಧ ಮನೆಗಳಲ್ಲಿ ಅದೇ ಇತ್ತು.

ಆಮೇಲೆ ಆದದ್ದನ್ನು ಇದ್ದಷ್ಟೇ ಹೇಳುತ್ತೇವೆ. ರಸ್ತೆಯಿಂದ ಓಣಿಯವರೆಗಿನ ಒಂದು ಸಾಲು ಕಂಬಕ್ಕೆ ಕರೆಂಟು ಬಂತು. ಉಳಿದ ಸಾಲುಗಳು ಇನ್ನೂ ಕತ್ತಲು. ಗಟಾರಿಗೆ ಯಾರೂ ಮುಚ್ಚಿಗೆ ಹಾಕಲಿಲ್ಲ. ಕಡೆಗೆ ಅಪ್ಪ ಮತ್ತು ಕಾಕಾ ಹಳೆ ಮನೆಯ ಪರಸಿ ಕಲ್ಲು ಹೊತ್ತು ತಂದು ಮುಚ್ಚಿದರು. ಶಹರದಿಂದ ಬರುವ ಆರು ಮಂದಿ ಹುಡುಗಿಯರು ಒಂದೇ ಟಂಟಂ ಗೊತ್ತು ಮಾಡಿಕೊಂಡಿದ್ದಾರೆ, ಒಬ್ಬಳು ತಡವಾದರೆ ಉಳಿದವರು ಕಾಯುತ್ತಾರೆ. ತಂಗಿ ಜೂನಿನಲ್ಲಿ ಬೇರೆ ಅಂಗಡಿಗೆ ಸೇರಿದಳು. ಏಳೂವರೆಗೆ ಬಿಡಬೇಕು ಅಂತ ಮೊದಲೇ ಮಾತು ಮಾಡಿಕೊಂಡಳು. ಅದಕ್ಕೆ ಹಳೆಯ ಅಂಗಡಿಗಿಂತ ಪಗಾರ ಕಡಿಮೆ. ಕತ್ತಲೆಗೆ ಆಕೆ ಈಗಲೂ ತಿಂಗಳಾ ದಂಡ ಕಟ್ಟುತ್ತಿದ್ದಾಳೆ.

*

2025ರ ನವೆಂಬರ್ 1. ಮತ್ತೆ ಅದೇ ಶಾಮಿಯಾನ, ಅದೇ ಸಾಲಿನ ಕುರ್ಚಿ, ಕೈಯಲ್ಲಿ ಭಾಷಣದ ಪ್ರತಿ. ಈ ಸಲ ಬ್ಯಾಗಿನಲ್ಲಿ ನೋಟ್‌ಬುಕ್ಕೂ ಇತ್ತು. ಸುದ್ದಿ ಬರೆದೆವು. ಭಾಷಣದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದು, ಕೊನೆಗೆ ನಮ್ಮದೊಂದು ಪ್ಯಾರಾ ಸೇರಿಸಿದೆವು. ಯಾವ ದೀಪ ಹತ್ತುತ್ತದೆ, ಯಾವುದು ಹತ್ತುವುದಿಲ್ಲ, ಕಾರಣ ಏನು ಅಂತ ಐದು ಸಾಲು. ಮರುದಿನ ಪೇಪರಿನಲ್ಲಿ ಸುದ್ದಿ ಬಂತು, ಆ ಪ್ಯಾರಾ ಬರಲಿಲ್ಲ. ಜಾಗ ಇರಲಿಲ್ಲ ಅಂತ ಹೇಳಿದರು. ಇರಲಿಕ್ಕಿಲ್ಲ. ಅದಕ್ಕೇ ಆ ಐದು ಸಾಲನ್ನು ಇಲ್ಲಿ ಇಷ್ಟು ಉದ್ದ ಬರೆದಿದ್ದೇವೆ.

ನಿಮ್ಮೂರಿನ ಹತ್ತಿರವೂ ಯಾವುದೋ ಶಹರ ಬೆಳೆಯುತ್ತಿರುತ್ತದೆ. ಒಂದು ನೋಟ್‌ಬುಕ್ ಸಾಕು. ಕಟ್ಟಡ ಉದ್ಘಾಟನೆ ಆದ ದಿನ ಬರೆಯಬೇಡಿರಿ, ಮೂರು ತಿಂಗಳ ಮೇಲೆ ಹೋಗಿ ಬೀಗ ಇದೆಯೋ ಬಾಗಿಲು ತೆಗೆದಿದೆಯೋ ನೋಡಿ ಬರೆಯಿರಿ. ಕೆಲಸ ಸಿಕ್ಕವರನ್ನು ವರ್ಷದಲ್ಲಿ ಎಷ್ಟು ತಿಂಗಳು ಅಂತ ಕೇಳಿರಿ. ದೀಪದ ಕಂಬವನ್ನು ರಾತ್ರಿ ಹೋಗಿ ನೋಡಿರಿ.

ಮೊನ್ನೆ ರಾತ್ರಿ ನಾವು ಊಟಕ್ಕೆ ಕೂತಾಗ ತಂಗಿ ಬಂದಳು. ಚಪ್ಪಲಿ ಬಿಡುತ್ತಲೇ ಅಂದಳು: "ಅಣ್ಣಾ, ಮೂರನೇ ಕಂಬದ್ದು ಮತ್ತ ಹೋಗೇದ. ಬರ್ಕೊ."

ಕೈ ತೊಳೆದು ಬರೆದುಕೊಂಡೆವು.